ಇಂಜೆಕ್ಷನ್ ಆಯ್ತು, ಕೈ ಯಾಕೆ ಇನ್ನೂ ಏಳ್ತಿಲ್ಲ?

ಮಕ್ಕಳ ಕೈಕಾಲು ಬಿಗಿತದ ಬಗ್ಗೆ ಹೋದ ತಿಂಗಳು ಒಂದು ಸಣ್ಣ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಗಿಯಾದ ಸ್ನಾಯು ಸಡಿಲ ಮಾಡುವ ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಯಾವುದೂ ಇಲ್ಲ. ಹೆಸರು ತೆಗೆದಿದ್ದೇನೆ, ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಅಕ್ಕಾವ್ರೇ, ನನ್ನ ಮಗನಿಗೆ 5 ವರ್ಷ. ಹುಟ್ಟಿದಾಗ ಚೆನ್ನಾಗೇ ಇದ್ದ. ಏಳೆಂಟು ತಿಂಗಳಾದಾಗ ಎಡಗೈ ಮುಷ್ಟಿ ಬಿಚ್ಚುತ್ತಿಲ್ಲ ಅಂತ ನಮಗೆ ಗೊತ್ತಾಯ್ತು. ಡಾಕ್ಟರು ಸಿಪಿ (ಸೆರೆಬ್ರಲ್ ಪಾಲ್ಸಿ, ಮಿದುಳಿನ ಪೆಟ್ಟಿನಿಂದ ಬರುವ ಕೈಕಾಲಿನ ತೊಂದರೆ) ಅಂದರು, ಎಡಭಾಗ ಅಷ್ಟೇ. ನಡೆಯುತ್ತಾನೆ, ಓಡುತ್ತಾನೆ, ಮಾತಂತೂ ಬಲು ಚುರುಕು. ಆದರೆ ಎಡಗೈ ಮೊಣಕೈ ಹತ್ತಿರ ಮಡಚಿಕೊಂಡೇ ಇರುತ್ತದೆ, ಹೆಬ್ಬೆರಳು ಮುಷ್ಟಿ ಒಳಗೆ. ಬೆಳಗಾವಿಗೆ ಹೋಗಿ ಬೊಟಾಕ್ಸ್ ಹಾಕಿಸಿ 3 ವಾರ ಆಯ್ತು. ಮೊದಲು ಅಂಗಿ ತೋಳು ಏರಿಸೋಕೆ ಇಬ್ಬರು ಬೇಕಾಗ್ತಿತ್ತು, ಈಗ ನಾನೊಬ್ಬಳೇ ಹಿಡಿದರೆ ಕೈ ಸಲೀಸಾಗಿ ಬರುತ್ತದೆ. ಆದರೆ ಅವನಾಗಿಯೇ ಆ ಕೈ ಎತ್ತೋದೇ ಇಲ್ಲ. ಎಲ್ಲ ಬಲಗೈಯಲ್ಲೇ. ದಿನಾ ಎರಡು ಸಲ ಕೈ ಎಳೆದು ವ್ಯಾಯಾಮ ಮಾಡಿಸುತ್ತೇನೆ. ಮನೆಯಲ್ಲಿ "ಇಷ್ಟು ರೊಕ್ಕ ಹಾಕಿ ಏನಾತು?" ಅಂತ ಕೇಳುತ್ತಾರೆ. ಇಂಜೆಕ್ಷನ್ ಫೇಲಾಯ್ತಾ?
ಒಬ್ಬ ತಾಯಿ, ಜಮಖಂಡಿ

ಉತ್ತರ: ಫೇಲಾಗಿಲ್ಲ ತಾಯಿ. ಹಿಡಿದರೆ ಕೈ ಸಲೀಸಾಗಿ ಬರುತ್ತದೆ ಅಂತ ನೀವೇ ಬರೆದಿದ್ದೀರಲ್ಲ, ಇಂಜೆಕ್ಷನ್ ಮಾಡುವ ಕೆಲಸ ಅಷ್ಟೇ. ಅದು ಬಿಗಿ ಸಡಿಲ ಮಾಡುತ್ತದೆ. ಕೈ ಬಳಸೋದನ್ನು ಕಲಿಸೋದಿಲ್ಲ. ಈ ಮಾತನ್ನು ಸೂಜಿ ಹಾಕುವ ಮುಂಚೆಯೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಬೇಕು, ಆದರೆ ಓಪಿಡಿ ಗದ್ದಲದಲ್ಲಿ ಚೀಟಿ ಮೇಲೆ 'ಫಿಸಿಯೋ' ಅಂತ ಒಂದು ಪದ ಬರೆದು ಕಳಿಸೋದೇ ಜಾಸ್ತಿ. ಆಮೇಲೆ ಮನೆಯಲ್ಲಿ ಮಾತು ಕೇಳೋದು ತಾಯಿ.

ಒಳಗೆ ಏನು ನಡೆದಿದೆ ಅಂತ ಹೇಳುತ್ತೇನೆ. ನಿಮ್ಮ ಮಗನ ತೊಂದರೆಯ ಮೂಲ ಕೈಯಲ್ಲಿಲ್ಲ, ಮಿದುಳಿನಲ್ಲಿದೆ. ಎಡಗೈಯನ್ನು ನಡೆಸುವುದು ಮಿದುಳಿನ ಬಲಭಾಗ. ಅಲ್ಲಿ ಹುಟ್ಟುವ ಮುಂಚೆಯೋ ಹುಟ್ಟಿದ ಹೊತ್ತಿನಲ್ಲೋ ಪೆಟ್ಟಾಗಿದ್ದರೆ ಮೊಣಕೈ ಮಡಚುವ, ಅಂಗೈ ಕೆಳಮುಖ ಮಾಡುವ, ಬೆರಳು ಮಡಚುವ ಸ್ನಾಯುಗಳು ಸದಾ ಬಿಗಿ ಹಿಡಿದುಕೊಂಡೇ ಇರುತ್ತವೆ. ನರದ ತುದಿಯಿಂದ ಅಸಿಟೈಲ್‌ಕೊಲಿನ್ ಅನ್ನುವ ರಾಸಾಯನಿಕ ಹೊರಬಂದಾಗ ಸ್ನಾಯು ಬಿಗಿಯಾಗುತ್ತದೆ. ಬೊಟಾಕ್ಸ್ ಅದು ಹೊರಬರೋದನ್ನೇ ತಡೆಯುತ್ತದೆ. ಹಾಗಾಗಿ ಸೂಜಿ ಹಾಕಿದ ಸ್ನಾಯು ಸಡಿಲವಾಗುತ್ತದೆ. ಸರಿ. ಆದರೆ ಅದರ ಎದುರಿನ ಸ್ನಾಯುಗಳು, ಅಂದರೆ ಕೈ ಚಾಚುವ, ಮಣಿಕಟ್ಟು ಮೇಲೆತ್ತುವ, ಬೆರಳು ಬಿಚ್ಚುವ ಸ್ನಾಯುಗಳು ಐದು ವರ್ಷದಿಂದ ಕೆಲಸವನ್ನೇ ಮಾಡಿಲ್ಲ. ಅವು ಸೊರಗಿವೆ. ಅವಕ್ಕೆ ಇಂಜೆಕ್ಷನ್ ಬಲ ಕೊಡೋದಿಲ್ಲ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿಮ್ಮ ಮಗ ಚುರುಕು ಹುಡುಗ. ಒಂದೇ ಕೈಯಲ್ಲಿ ಎಲ್ಲ ಕೆಲಸ ಮುಗಿಸೋದನ್ನು ಯಾವತ್ತೋ ಕಲಿತುಬಿಟ್ಟಿದ್ದಾನೆ. ಎಡಗೈ ಅವನ ಲೆಕ್ಕದಲ್ಲೇ ಇಲ್ಲ. ಸಡಿಲವಾದ ಮಾತ್ರಕ್ಕೆ ಅದು ನೆನಪಿಗೆ ಬರೋದಿಲ್ಲ.

ನಮ್ಮ ಕಡೆ ಎರೆ ಹೊಲದವರಿಗೆ ಹೇಳುವ ಹಾಗೆ ಹೇಳಿದರೆ, ಇಂಜೆಕ್ಷನ್ ಅನ್ನೋದು ಮಳೆ. ಹದ ಬಂದಿದೆ, ಬಿತ್ತೋದು ಬಾಕಿ ಇದೆ. ಹದ ಕಾಯುತ್ತಾ ಕೂರೋದಿಲ್ಲ. ಎರಡು ಮೂರು ದಿನದಲ್ಲಿ ಇಂಜೆಕ್ಷನ್ ಗುಣ ಕಾಣೋಕೆ ಶುರುವಾಗುತ್ತದೆ, ಒಂದು ತಿಂಗಳ ಹೊತ್ತಿಗೆ ಪೂರ್ತಿ ಇರುತ್ತದೆ, 3ರಿಂದ 4 ತಿಂಗಳಿಗೆ ಇಳಿಯುತ್ತದೆ. ನರದ ತುದಿ ಮತ್ತೆ ಮೊದಲಿನಂತೆ ಕೆಲಸ ಶುರು ಮಾಡುತ್ತದೆ. ನೀವೀಗ ಮೂರನೇ ವಾರದಲ್ಲಿದ್ದೀರಿ. ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ದಿನಾ ಎರಡು ಸಲ ಎಳೆದು ಮಾಡಿಸುತ್ತೇನೆ ಅಂದಿದ್ದೀರಿ. ಬೇಡ ಅನ್ನೋದಿಲ್ಲ. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಮೆಲ್ಲಗೆ ಪೂರ್ತಿ ಚಾಚಿ ಬಿಡಿ, ಅಷ್ಟು ಸಾಕು. ಆದರೆ ಅಲ್ಲಿ ಕೈ ಆಡಿಸೋದು ನೀವು, ಅವನಲ್ಲ. ಅವನು ಆ ಹೊತ್ತಿನಲ್ಲಿ ಟಿವಿ ನೋಡುತ್ತಿರುತ್ತಾನೆ ಅಲ್ವಾ? ಅವನ ಮಿದುಳು ಕಲಿಯಬೇಕಾದರೆ ಕೈ ಎತ್ತುವ ಮನಸ್ಸು ಅವನದಾಗಬೇಕು, ತಪ್ಪೋದೂ ಮತ್ತೆ ಮಾಡೋದೂ ಅವನದೇ ಆಗಬೇಕು. ಸಿಪಿ ಇರುವ ಮಕ್ಕಳ ಕೈಗೆ ಈ ಇಂಜೆಕ್ಷನ್ ಹಾಕಿದ ಅಧ್ಯಯನಗಳನ್ನೆಲ್ಲ ಸೇರಿಸಿ 2010ರಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. ಇಂಜೆಕ್ಷನ್ ಜೊತೆಗೆ ಆಕ್ಯುಪೇಷನಲ್ ಥೆರಪಿ, ಅಂದರೆ ದಿನದ ಕೆಲಸಗಳ ಮೂಲಕ ಕೈ ಬಳಸೋದನ್ನು ಕಲಿಸುವ ಥೆರಪಿ ಇದ್ದರೆ ಬರೀ ಥೆರಪಿಗಿಂತ ಹೆಚ್ಚು ಲಾಭ, ಇಂಜೆಕ್ಷನ್ ಒಂದನ್ನೇ ಹಾಕಿ ಬಿಡೋದು ಸರಿಯಲ್ಲ ಅನ್ನೋದು ಅದರ ತಾತ್ಪರ್ಯ.

ಹಾಗಾದರೆ ಮಾಡೋದೇನು? ಮೊದಲು ಅವನಿಗೆ ಬೇಕಾದ ಎರಡು ಕೆಲಸ ಆರಿಸಿ. ನಿಮಗೆ ಬೇಕಾದದ್ದಲ್ಲ, ಅವನಿಗೆ. ಚಡ್ಡಿ ತಾನೇ ಏರಿಸಿಕೊಳ್ಳೋದು, ಅಣ್ಣನ ಹಾಗೆ ಸೈಕಲ್ ಹ್ಯಾಂಡಲ್ ಎರಡೂ ಕೈಯಲ್ಲಿ ಹಿಡಿಯೋದು, ಚಾಕಲೇಟ್ ಹಾಳೆ ಬಿಚ್ಚೋದು, ಇಂಥದ್ದು. 'ಕೈ ಸರಿ ಹೋಗಬೇಕು' ಅಂತ ಗುರಿ ಇಟ್ಟರೆ ಯಾರಿಗೂ ಏನೂ ಮಾಡೋಕಾಗೋದಿಲ್ಲ. ಇವತ್ತೇ ಆ ಕೆಲಸ ಮಾಡುವಾಗ ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣೋದಿಲ್ಲ, ಮನೆಯವರ ಮಾತಿಗೂ ವಿಡಿಯೋನೇ ಉತ್ತರ.

ಮೊದಲ ಕೆಲವು ವಾರ ಎಡಗೈ ಹಿಡಿತ ಸ್ವಲ್ಪ ಸೋತಂತೆ ಕಾಣಬಹುದು, ಕೊಟ್ಟದ್ದು ಬೀಳಿಸಬಹುದು. ಸ್ನಾಯು ಸಡಿಲವಾದ್ದರಿಂದ ಹಾಗೆ. ಹಗುರ ಸಾಮಾನಿನಿಂದ ಶುರು ಮಾಡಿ. ಸ್ಪಂಜು, ಉಂಡೆ ಮಾಡಿದ ಪೇಪರು, ಖಾಲಿ ಪ್ಲಾಸ್ಟಿಕ್ ಬಾಟಲಿ. ಸಾಮಾನನ್ನು ಅವನ ಎಡಕ್ಕೆ, ಸ್ವಲ್ಪ ದೂರಕ್ಕೆ, ಸ್ವಲ್ಪ ಎತ್ತರಕ್ಕೆ ಹಿಡಿಯಿರಿ. ಆಗ ಮೊಣಕೈ ಬಿಚ್ಚಲೇಬೇಕು. ಗೋಡೆ ಮೇಲೆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸೋದು ಒಳ್ಳೆ ಆಟ, ಭುಜ, ಮೊಣಕೈ, ಮಣಿಕಟ್ಟು ಮೂರೂ ಒಟ್ಟಿಗೆ ದುಡಿಯುತ್ತವೆ. ಹಿಡಿಯೋದಕ್ಕಿಂತ ಬಿಡೋದು ಈ ಮಕ್ಕಳಿಗೆ ಕಷ್ಟ. ಅದಕ್ಕೇ ಡಬ್ಬಿಗೆ ಹಾಕುವ ಆಟ ಜಾಸ್ತಿ ಆಡಿಸಿ, ಅಗಲ ಬಾಯಿಯ ಬುಟ್ಟಿಯಿಂದ ಸಣ್ಣ ಬಾಯಿಯ ಡಬ್ಬಿ ತನಕ.

ಒಳ್ಳೆ ಕೈಯನ್ನು ಕಟ್ಟಿಹಾಕಿ ದುರ್ಬಲ ಕೈ ಬಳಸಿಸುವ ಪದ್ಧತಿ ಬಗ್ಗೆ ನಿಮಗೆ ಯಾರಾದರೂ ಹೇಳಿರಬಹುದು. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಎಡ್ವರ್ಡ್ ಟಾಬ್ ಅನ್ನುವವರು ಪಾರ್ಶ್ವವಾಯು ಆದ ದೊಡ್ಡವರಿಗೆ ಬೆಳೆಸಿದ ಪದ್ಧತಿ ಅದು, ಆಮೇಲೆ ಮಕ್ಕಳಿಗೆ ಹೊಂದಿಸಿದರು. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಹಗ್ಗದಲ್ಲಿ ಕಟ್ಟೋದು, ಬೆನ್ನ ಹಿಂದೆ ಹಿಡಿದುಕೊಳ್ಳೋದು ಇದೆಲ್ಲ ಬೇಡವೇ ಬೇಡ. ಬಲಗೈಗೆ ಒಂದು ದಪ್ಪ ಕೈಗವಸು ಅಥವಾ ಗೊಂಬೆ ಮಾಡಿದ ಕಾಲುಚೀಲ ಹಾಕಿ, ಕೂತು ಆಡುವ ಹೊತ್ತಿನಲ್ಲಿ ಮಾತ್ರ. ನಡೆಯುವಾಗ, ಮೆಟ್ಟಿಲ ಹತ್ತಿರ ಹಾಕಬಾರದು, ಬಿದ್ದರೆ ಊರಿಕೊಳ್ಳೋಕೆ ಇರುವ ಕೈ ಅದೊಂದೇ. ಮಕ್ಕಳಿಗೆ ದಿನಕ್ಕೆ ಒಟ್ಟು 2 ಗಂಟೆಯಂತೆ ಕೆಲವು ವಾರ ಮಾಡಿಸುವ ರೂಢಿ ಇದೆ. ಎಷ್ಟು ಹೊತ್ತು, ಯಾವ ಆಟ ಅಂತ ಥೆರಪಿಸ್ಟ್ ಹತ್ತಿರ ಒಮ್ಮೆ ಕೂತು ಬರೆಸಿಕೊಳ್ಳಿ. ಅವನು ಅತ್ತು ಕಿತ್ತು ಹಾಕಿದರೆ ಅವತ್ತಿಗೆ ಬಿಡಿ.

ಇದಾದ ಮೇಲೆ, ಅಥವಾ ಇದರ ಜೊತೆಗೇ, ಎರಡು ಕೈ ಆಟಗಳು. ನನ್ನನ್ನು ಕೇಳಿದರೆ ನಮ್ಮ ಕಡೆ ಮನೆಗಳಲ್ಲಿ ಇದಕ್ಕೆ ಬರವೇ ಇಲ್ಲ. ಖಡಕ್ ರೊಟ್ಟಿ ಎರಡು ಕೈಯಲ್ಲಿ ಮುರಿಯೋದು. ಶೇಂಗಾ ಸುಲಿಯೋದು. ನೀವು ರೊಟ್ಟಿ ಬಡಿಯುವಾಗ ಅವನಿಗೂ ಒಂದು ಹಿಟ್ಟಿನುಂಡೆ ಕೊಡಿ, ಎರಡೂ ಅಂಗೈ ಬಿಚ್ಚಿ ಬಡಿಯಲಿ, ಆಕಾರ ಹೇಗಾದರೂ ಬರಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣು ಅವನ ಕೈಗೂ ಬರಲಿ, ಪಂಚಮಿಗೆ ಜೋಕಾಲಿ ಕಟ್ಟಿದರೆ ಎರಡೂ ಹಗ್ಗ ಹಿಡಿದು ಕೂರಲಿ, ಹಿಂದೆ ಒಬ್ಬರು ಅವನ ಎಡಗೈ ಮೇಲೆ ಕೈ ಇಟ್ಟು ನಿಂತಿರಲಿ. ಬುಗುರಿಗೆ ದಾರ ಸುತ್ತೋದು ಇನ್ನೂ ದೊಡ್ಡವನಾದ ಮೇಲೆ. ಊಟದ ವಿಷಯಕ್ಕೆ ಬಂದರೆ, ಎಡಗೈಯಲ್ಲಿ ತಿನ್ನಿಸಬೇಡಿ ಅಂತ ಹಿರಿಯರು ಅನ್ನುತ್ತಾರೆ. ತಿನ್ನಿಸೋದೇ ಬೇಡ. ಬಲಗೈಯಲ್ಲಿ ತಿನ್ನಲಿ, ಎಡಗೈ ತಾಟು ಹಿಡಿಯಲಿ. ಆ ಕೈಗೆ ನಮಗೆ ಬೇಕಾಗಿರುವುದು ಸಹಾಯದ ಕೆಲಸ, ಅದು ಬಲಗೈ ಆಗಬೇಕಾಗಿಲ್ಲ.

ಎಷ್ಟು ಹೊತ್ತು ಅಂತ ಕೇಳೇ ಕೇಳುತ್ತೀರಿ. ಒಂದೆರಡು ನಿರ್ದಿಷ್ಟ ಕೆಲಸ ಕಲಿಯೋಕೆ ಒಟ್ಟು 14ರಿಂದ 25 ಗಂಟೆ, ಒಟ್ಟಾರೆ ಕೈ ಬಳಕೆ ಸುಧಾರಿಸೋಕೆ 30ರಿಂದ 40 ಗಂಟೆ ಅಭ್ಯಾಸ ಬೇಕು ಅಂತ ಅಧ್ಯಯನಗಳು ಹೇಳುತ್ತವೆ. ಕೇಳಿದರೆ ದೊಡ್ಡದು ಅನ್ನಿಸುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ 12 ವಾರ ಮಾಡಿದರೆ 42 ಗಂಟೆ ಆಯ್ತು, ಅದೇ ಇಂಜೆಕ್ಷನ್ ಗುಣ ಇರುವಷ್ಟು ಕಾಲ. ವಾರಕ್ಕೊಮ್ಮೆ ಬೆಳಗಾವಿ ಬಸ್ ಹತ್ತಿ ಅರ್ಧ ಗಂಟೆ ಥೆರಪಿ ಮಾಡಿಸಿ ಬರೋದರಿಂದ ಈ ಲೆಕ್ಕ ತುಂಬೋದಿಲ್ಲ. ಮನೆಯಲ್ಲೇ ತುಂಬಬೇಕು. ಅರ್ಧ ಗಂಟೆಯೂ ಒಂದೇ ಸಲ ಬೇಕಿಲ್ಲ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಆದರೂ ನಡೆಯುತ್ತದೆ. ಅಜ್ಜಿಗೋ ಅಕ್ಕನಿಗೋ ಒಂದು ಪಾಳಿ ಕೊಡಿ, ಎಲ್ಲ ನಿಮ್ಮ ತಲೆ ಮೇಲೇ ಬೇಡ.

ಒಂದು ಎಚ್ಚರಿಕೆ. ಇಂಜೆಕ್ಷನ್ ಆದ ಮೇಲಿನ ಕೆಲವು ವಾರಗಳಲ್ಲಿ ನುಂಗೋಕೆ ತ್ರಾಸಾದರೆ, ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಬದಲಾದರೆ, ರೆಪ್ಪೆ ಜೋತುಬಿದ್ದರೆ, ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಆಗುತ್ತದೆ. ಮತ್ತೆ ಜ್ವರ ಅಂತ ಊರ ಡಾಕ್ಟರ ಹತ್ತಿರ ಹೋದಾಗ ಬೊಟಾಕ್ಸ್ ಆಗಿದೆ ಅಂತ ಮೊದಲೇ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್ ಥರದ ಆಂಟಿಬಯಾಟಿಕ್ ಇಂಜೆಕ್ಷನ್‌ಗಳು ಬೊಟಾಕ್ಸ್ ಪರಿಣಾಮವನ್ನು ಹೆಚ್ಚು ಮಾಡಬಹುದು.

ಪ್ರಶ್ನೆ: ತಂಗಿ, ಮೊಮ್ಮಗಳ ಕೈಗೆ ಸೂಜಿ ಹಾಕಿಸಬೇಕು ಅಂತ ಮಗ ಸೊಸೆ ಹೊರಟಿದ್ದಾರೆ. ಅದು ವಿಷ, ಸಿನಿಮಾದವರು ಮುಖದ ನೆರಿಗೆ ತೆಗೆಯೋಕೆ ಹಾಕಿಸಿಕೊಳ್ಳೋದು ಅಂತ ನಾನು ಪೇಪರಿನಲ್ಲಿ ಓದಿದ್ದೇನೆ. ನಾಲ್ಕು ವರ್ಷದ ಕೂಸಿಗೆ ಅದು ಯಾಕೆ? ನಮ್ಮಲ್ಲಿ ಎಣ್ಣೆ ತಿಕ್ಕಿ ಎಷ್ಟೋ ಕೈಕಾಲು ಸರಿಮಾಡಿದವರಿದ್ದಾರೆ.
ಒಬ್ಬ ಅಜ್ಜ, ಗೋಕಾಕ

ಉತ್ತರ: ಅಜ್ಜಾರೇ, ನೀವು ಓದಿದ್ದು ಸುಳ್ಳಲ್ಲ. ಅದು ವಿಷವೇ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದಿಂದ ಬರುವ ವಿಷ, ಹೊಟ್ಟೆಗೆ ಹೋದರೆ ಉಸಿರನ್ನೇ ನಿಲ್ಲಿಸಬಲ್ಲದು. ಅದನ್ನೇ ಬಹಳ ಬಹಳ ಸಣ್ಣ ಪ್ರಮಾಣದಲ್ಲಿ, ಬೇಕಾದ ಸ್ನಾಯುವಿಗೆ ಮಾತ್ರ ಕೊಡುತ್ತಾರೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ಲೆಕ್ಕ ಹಾಕುತ್ತಾರೆ.

ನೆರಿಗೆಯ ವಿಷಯ ಆಮೇಲೆ ಬಂದದ್ದು. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್ ಇದನ್ನು ಮೆಳ್ಳಗಣ್ಣು ಸರಿಮಾಡೋಕೆ ಅಂತ ತಯಾರು ಮಾಡಿದ್ದು. ಅಮೆರಿಕದಲ್ಲಿ 1989ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ಕಣ್ಣಿನ ತೊಂದರೆಗಳಿಗೆ. 1990ರ ದಶಕದಿಂದ ಸಿಪಿ ಮಕ್ಕಳಿಗೆ ಬಳಸುತ್ತಿದ್ದಾರೆ, ಮಕ್ಕಳ ಕೈ ಬಿಗಿತಕ್ಕೆ ಅಂತಲೇ ಅಲ್ಲಿ 2019ರಲ್ಲಿ ಒಪ್ಪಿಗೆ ಕೊಟ್ಟರು. ಸಿನಿಮಾದವರ ಹಣೆ ಈ ಕಥೆಯಲ್ಲಿ ಒಂದು ಉಪಕಥೆ ಅಷ್ಟೇ.

ಎಣ್ಣೆ ಹಚ್ಚಿ, ಬೇಡ ಅಂದವರು ಯಾರು? ಮಗುವಿಗೆ ಹಿತ, ನಿಮ್ಮ ಕೈ ಅದರ ಮೈಮೇಲೆ ಓಡಾಡೋದೂ ಒಳ್ಳೆಯದೇ. ಆದರೆ ಗಟ್ಟಿಯಾಗಿ ತಿಕ್ಕಿ, ಒತ್ತಿ, ಕಟ್ಟು ಕಟ್ಟಿ ಎಳೆಯೋದು ಮಾತ್ರ ಬೇಡ. ಅತ್ತಷ್ಟೂ ಬಿಗಿ ಜಾಸ್ತಿ ಆಗುತ್ತದೆ, ಸಂದಿಗೂ ಪೆಟ್ಟು. ಸೂಜಿ ಹಾಕಿದ ಜಾಗವನ್ನು ಅವತ್ತು, ಮರುದಿನ ತಿಕ್ಕಲೇಬಾರದು, ಔಷಧಿ ಪಕ್ಕದ ಸ್ನಾಯುವಿಗೆ ಸರಿಯಬಹುದು. ಎಣ್ಣೆ ತಿಕ್ಕಿ ಸರಿಯಾದ ಕೈಕಾಲುಗಳಲ್ಲಿ ಹೆಚ್ಚಿನವು ಉಳುಕಿದ್ದೋ ತಾನಾಗಿ ಗುಣವಾಗುವಂಥದ್ದೋ ಆಗಿರುತ್ತವೆ. ಇದು ಮಿದುಳಿನಿಂದ ಬಂದ ಬಿಗಿತ, ಎಣ್ಣೆಗೆ ಅಲ್ಲಿಗೆ ದಾರಿ ಇಲ್ಲ.

ಇನ್ನು ನಿಮ್ಮಿಂದ ಒಂದು ಕೆಲಸ ಆಗಬೇಕು. ಮೊಮ್ಮಗಳು ಕೇಳುವ ಮುಂಚೆಯೇ ಕೈಗೆ ತಂದುಕೊಡೋದನ್ನು ನಿಲ್ಲಿಸಿ. ನಿಮ್ಮ ವಯಸ್ಸಿನವರಿಗೆ ಇದು ಬಲು ಕಷ್ಟ ಅಂತ ಗೊತ್ತು. ಅವಳು ಎರಡು ಕೈಯಲ್ಲಿ ತಂಬಿಗೆ ಹಿಡಿದು ನಿಮಗೆ ನೀರು ತಂದುಕೊಡಲಿ, ಅರ್ಧ ಚೆಲ್ಲಿದರೂ ಚೆಲ್ಲಲಿ.

ಪ್ರಶ್ನೆ: ಮೇಡಂ, ಮಗಳಿಗೆ 8 ವರ್ಷ, ಬಲಗೈ ಬಿಗಿತ. ಹೋದ ವರ್ಷ ಬೊಟಾಕ್ಸ್ ಹಾಕಿಸಿದ್ವಿ, ಮೂರು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಮೊದಲಿನಂತೆ. ಮತ್ತೆ ಹಾಕಿಸಬೇಕಾ? ಹೀಗೇ ಜೀವನಪೂರ್ತಿಯಾ? ಸ್ಪ್ಲಿಂಟ್ (ಕೈ ನೆಟ್ಟಗೆ ಹಿಡಿಯುವ ಅಚ್ಚು) ಕೊಟ್ಟಿದ್ದಾರೆ, ರಾತ್ರಿ ಹಾಕಿದರೆ ಅಳುತ್ತಾಳೆ, ಹಾಗಾಗಿ ಹಗಲೆಲ್ಲ ಹಾಕಿಡುತ್ತೇವೆ. ಖರ್ಚು ನಮ್ಮ ಕೈ ಮೀರುತ್ತಿದೆ.
ಒಬ್ಬ ತಂದೆ, ಇಂಡಿ

ಉತ್ತರ: ಸರ್, ಸ್ಪ್ಲಿಂಟ್‌ನಿಂದಲೇ ಶುರು ಮಾಡುತ್ತೇನೆ. ಹಗಲೆಲ್ಲ ಹಾಕಿದರೆ ಆ ಕೈ ಕೆಲಸ ಮಾಡೋದು ಯಾವಾಗ? ಬೆರಳು, ಮಣಿಕಟ್ಟು ಚಾಚಿ ಹಿಡಿಯುವ ಸ್ಪ್ಲಿಂಟ್ ಸಾಮಾನ್ಯವಾಗಿ ವಿಶ್ರಾಂತಿಯ ಹೊತ್ತಿಗೆ. ಹಗಲು ಬಿಚ್ಚಿಡಿ, ಹೆಬ್ಬೆರಳು ಹೊರಗೆ ಹಿಡಿಯುವ ಸಣ್ಣ ಮೆತ್ತನೆಯ ಸ್ಪ್ಲಿಂಟ್ ಕೊಟ್ಟಿದ್ದರೆ ಅದು ಬೇರೆ ಮಾತು, ಅದನ್ನು ಹಾಕಿಕೊಂಡೇ ಆಡಬಹುದು. ರಾತ್ರಿ ಅಳೋದಕ್ಕೆ ಕಾರಣ ಹುಡುಕಿ. ಬಿಚ್ಚಿದ ಮೇಲೆ ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಅದು ಒತ್ತುತ್ತಿದೆ ಅಂತ ಅರ್ಥ, ಕೊಟ್ಟವರ ಹತ್ತಿರವೇ ತಿದ್ದಿಸಿ. ಮಗು ಬೆಳೆದಂತೆ ಅದು ಚಿಕ್ಕದಾಗುತ್ತದೆ, ವರ್ಷದ ಹಳೆಯ ಸ್ಪ್ಲಿಂಟ್ ಆದರೆ ಬಹುಶಃ ಅದೇ ಕಾರಣ. ಮೊದಲು ಸಂಜೆ ಒಂದು ಗಂಟೆ, ಆಮೇಲೆ ಎರಡು, ಹೀಗೆ ರೂಢಿ ಮಾಡಿಸಿ ರಾತ್ರಿಗೆ ಬನ್ನಿ. ಇನ್ನೊಂದು ಮಾತು, ಈ ಸ್ಪ್ಲಿಂಟ್‌ಗಳು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಆಕಾರ ಕೊಡುವ ಪ್ಲಾಸ್ಟಿಕ್‌ನವು. ನಿಮ್ಮ ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಅದನ್ನು ಮುಚ್ಚಿದ ಕಾರಿನೊಳಗೋ ತಗಡಿನ ಮೇಲೋ ಬಿಟ್ಟರೆ ಸೊಟ್ಟಗಾಗಿ ಕೂರುತ್ತದೆ.

ಮತ್ತೆ ಹಾಕಿಸಬೇಕಾ ಅನ್ನೋದು ಒಂದು ವಿಷಯದ ಮೇಲೆ ನಿಂತಿದೆ. ಆ ಮೂರು ತಿಂಗಳಲ್ಲಿ ಮಗಳು ಹೊಸದಾಗಿ ಏನಾದರೂ ಕೆಲಸ ಕಲಿತಳಾ? 'ಚೆನ್ನಾಗಿತ್ತು' ಅಂದಿದ್ದೀರಿ, ಏನು ಚೆನ್ನಾಗಿತ್ತು ಅಂತ ಬರೆದಿಲ್ಲ. ಕೈ ನೋಡೋಕೆ ನೆಟ್ಟಗಿತ್ತು ಅಂತಾದರೆ, ಥೆರಪಿಯ ವ್ಯವಸ್ಥೆ ಮಾಡಿಕೊಳ್ಳದೆ ಇನ್ನೊಂದು ಸಲ ಹಾಕಿಸೋದು ರೊಕ್ಕ ದಂಡ ಅಂತ ನಾನು ನೇರವಾಗಿ ಹೇಳುತ್ತೇನೆ. ಅವಳಿಗೆ ಶಾಲೆ ರಜೆ ಇರುವ, ನಿಮ್ಮಲ್ಲಿ ಒಬ್ಬರಿಗಾದರೂ ಬಿಡುವು ಇರುವ ಕಾಲ ನೋಡಿ, ಥೆರಪಿಸ್ಟ್ ದಿನಾಂಕ ಮೊದಲು ಹಿಡಿದು ಆಮೇಲೆ ಇಂಜೆಕ್ಷನ್ ದಿನ ಗೊತ್ತು ಮಾಡಿ. ಎರಡು ಇಂಜೆಕ್ಷನ್ ನಡುವೆ ಕನಿಷ್ಠ 3 ತಿಂಗಳು ಅಂತರ ಬೇಕು, ಅದಕ್ಕಿಂತ ಜಾಸ್ತಿ ಬಿಟ್ಟರೂ ಏನೂ ನಷ್ಟ ಇಲ್ಲ. ಕಂಪನಿಯಿಂದ ಕಂಪನಿಗೆ ಔಷಧಿಯ ಯೂನಿಟ್ ಲೆಕ್ಕ ಬೇರೆ, ಬೊಟಾಕ್ಸ್‌ನ ಒಂದು ಯೂನಿಟ್ ಡಿಸ್‌ಪೋರ್ಟ್‌ನ ಒಂದು ಯೂನಿಟ್‌ಗೆ ಸಮ ಅಲ್ಲ. ಹಾಗಾಗಿ ಹೋದ ಸಲದ ಚೀಟಿ ಕಡ್ಡಾಯ ತೆಗೆದುಕೊಂಡು ಹೋಗಿ. ಮುಂಗೈಯಲ್ಲಿ ಸಣ್ಣ ಸ್ನಾಯುಗಳು ಒತ್ತೊತ್ತಾಗಿವೆ, ಅಲ್ಟ್ರಾಸೌಂಡ್ ನೋಡಿಕೊಂಡು ಹಾಕುತ್ತೀರಾ ಅಂತ ಕೇಳಿ. ಕೇಳೋದು ತಪ್ಪಲ್ಲ.

ಇನ್ನೂ ಒಂದು ಪರೀಕ್ಷೆ ಇದೆ. ಮಗಳು ಗಾಢ ನಿದ್ದೆಯಲ್ಲಿದ್ದಾಗ ಮೊಣಕೈಯನ್ನು ತುಂಬಾ ನಿಧಾನವಾಗಿ ಬಿಚ್ಚಿ ನೋಡಿ. ಪೂರ್ತಿ ಬಂದರೆ ಅದು ಬಿಗಿತ, ಇಂಜೆಕ್ಷನ್‌ಗೆ ಬಗ್ಗುತ್ತದೆ. ನಿದ್ದೆಯಲ್ಲೂ ಒಂದು ಹಂತಕ್ಕೆ ಬಂದು ನಿಂತುಬಿಟ್ಟರೆ ಸ್ನಾಯುವೇ ಗಿಡ್ಡವಾಗಿದೆ ಅನ್ನುವ ಅನುಮಾನ. ಅದಕ್ಕೆ ಬೊಟಾಕ್ಸ್ ಒಂದೇ ಸಾಲದು, ವಾರ ವಾರ ಬದಲಾಯಿಸುವ ಪ್ಲಾಸ್ಟರ್ ಹಾಕುತ್ತಾರೆ, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಇದನ್ನು ಮನೆಯಲ್ಲಿ ನೋಡಿ ತೀರ್ಮಾನಿಸಬೇಡಿ, ಡಾಕ್ಟರಿಗೆ ಹೇಳೋಕೆ ಒಂದು ಮಾಹಿತಿ ಅಷ್ಟೇ.

ಖರ್ಚಿನ ಬಗ್ಗೆ. ಸಿಪಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲ ಅಂದರೆ ಮೊದಲು ಅದನ್ನು ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಅದರೊಳಗೆ ಥೆರಪಿ ಖರ್ಚಿಗೂ ಒಂದು ಪಾಲು ಇದೆ, ಬಿಲ್ಲುಗಳನ್ನು ಬಿಸಾಡಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಅಂತ ಮಕ್ಕಳ ವಿಭಾಗ ಎಲ್ಲಿದೆ ಅಂತ ವಿಚಾರಿಸಿ, ಆರ್‌ಬಿಎಸ್‌ಕೆ ಅನ್ನುವ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ 18 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಉಚಿತ. ನಿಮ್ಮ ತಾಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು, ಊರಿನ ವಿಆರ್‌ಡಬ್ಲ್ಯು ಅನ್ನುವ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದರೆ ಅರ್ಜಿ ಕೆಲಸ ಬೇಗ ಆಗುತ್ತದೆ, ಕಚೇರಿ ಕಚೇರಿ ನೀವೇ ಅಲೆಯೋದು ತಪ್ಪುತ್ತದೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆ ಶಿಕ್ಷಕಿ. ಎರಡನೇ ತರಗತಿಯ ಒಬ್ಬ ಹುಡುಗನಿಗೆ ಎಡಗೈ ಬಿಗಿತಕ್ಕೆ ಇಂಜೆಕ್ಷನ್ ಆಗಿದೆ, ಕೈ ಬಳಸೋಕೆ ಹೇಳಿ ಅಂತ ತಾಯಿ ಬಂದು ಹೇಳಿ ಹೋದರು. ನಾನು "ಎಡಗೈ, ಎಡಗೈ" ಅಂತ ಕೂಗಿದರೆ ಉಳಿದ ಮಕ್ಕಳು ನಗುತ್ತಾರೆ, ಅವನು ಕೈಯನ್ನು ಡೆಸ್ಕ್ ಕೆಳಗೆ ಇಡುತ್ತಾನೆ. ಏನು ಮಾಡಲಿ?
ಮುದ್ದೇಬಿಹಾಳ

ಉತ್ತರ: ಟೀಚರ್, ಕೂಗೋದನ್ನು ಬಿಟ್ಟುಬಿಡಿ, ಅರ್ಧ ಕೆಲಸ ಆಯ್ತು. ಎಲ್ಲರ ಎದುರು ಕೈ ನೆನಪಿಸಿದರೆ ಅವನು ಅದನ್ನು ಇನ್ನಷ್ಟು ಮುಚ್ಚಿಡುತ್ತಾನೆ. ಕೆಲಸವೇ ಎರಡು ಕೈ ಬೇಡುವ ಹಾಗೆ ಮಾಡಿ. ಪುಸ್ತಕ ಹಂಚೋಕೆ ಅವನನ್ನು ಕಳಿಸಿ, ಎಡ ತೋಳಿನ ಮೇಲೆ ಪುಸ್ತಕದ ಗುಡ್ಡೆ, ಬಲಗೈಯಲ್ಲಿ ಹಂಚೋದು. ಬರೆಯುವಾಗ ಎಡಗೈ ಹಾಳೆ ಮೇಲೆ ಒತ್ತಿ ಇರಲಿ, ಇದಕ್ಕೊಂದು ಗುಟ್ಟಿನ ಸನ್ನೆ ಇಟ್ಟುಕೊಳ್ಳಿ, ಅವನ ಡೆಸ್ಕ್ ಮೇಲೆ ನೀವು ಬೆರಳಿನಿಂದ ಎರಡು ಸಲ ತಟ್ಟಿದರೆ ಅವನಿಗೆ ಅರ್ಥವಾಗಬೇಕು. ಪಾಟಿ ಜಾರಿದರೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಡೆಸ್ಕ್ ಎತ್ತರ ಮೊಣಕೈ ಮಟ್ಟಕ್ಕಿರಲಿ, ಕಾಲು ನೆಲಕ್ಕೆ ತಾಗಲಿ. ಕಾಲು ಜೋತಾಡುತ್ತಿದ್ದರೆ ಮೈಯನ್ನೇ ಸಂಭಾಳಿಸೋಕೆ ಅವನ ಶಕ್ತಿಯೆಲ್ಲ ಹೋಗುತ್ತದೆ, ಕೈ ಇನ್ನಷ್ಟು ಮಡಚುತ್ತದೆ.

ಮಧ್ಯಾಹ್ನದ ಊಟಕ್ಕೆ ತಾಟು ಹಿಡಿದು ಸಾಲಿನಲ್ಲಿ ನಿಲ್ಲೋದು ಒಳ್ಳೆ ಅಭ್ಯಾಸ, ಆದರೆ ಬಿಸಿ ಸಾಂಬಾರ್ ಹಾಕಿಸಿಕೊಂಡ ತಾಟು ಹಿಡಿಯೋದು ಮಾತ್ರ ಬೇಡ. ಖಾಲಿ ತಾಟು ಅವನೇ ಹಿಡಿಯಲಿ, ಬಡಿಸಿದ ತಾಟು ಗೆಳೆಯ ತಂದುಕೊಡಲಿ. ಆಟದಲ್ಲಿ ದೊಡ್ಡ ಚೆಂಡು ಎರಡು ಕೈಯಲ್ಲಿ ಹಿಡಿದು ಎಸೆಯೋದು ಇಡೀ ತರಗತಿಗೆ ಆಡಿಸಿ. ನಗುವ ಮಕ್ಕಳಿಗೆ ಒಂದು ದಿನ ಒಂದೇ ಕೈಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳಿ ಅಂತ ಪಂದ್ಯ ಇಡಿ. ಅವತ್ತು ಗೆಲ್ಲುವವನು ಯಾರು ಅಂತ ನಾನು ಹೇಳಬೇಕಾಗಿಲ್ಲ. ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರಿಗೂ ಇವನ ಹೆಸರು ಕೊಡಿ.

ಪ್ರಶ್ನೆ: ನನ್ನ ಮಗಳ ಕೂಸಿಗೆ ಈಗ ಎರಡು ತಿಂಗಳು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಎಳೆದು ತೆಗೆದರಂತೆ. ಬಲಗೈ ಜೋತು ಬಿದ್ದಿದೆ, ಎತ್ತೋದೇ ಇಲ್ಲ. ನೀವು ಬರೆದ ಇಂಜೆಕ್ಷನ್ ಇದಕ್ಕೂ ಆಗುತ್ತದಾ?
ಒಬ್ಬ ಅಜ್ಜಿ, ಸವದತ್ತಿ

ಉತ್ತರ: ಇಲ್ಲ ಅಮ್ಮಾ, ಇದು ಬೇರೆಯೇ ತೊಂದರೆ. ಮೇಲಿನ ಮಕ್ಕಳ ಕೈ ಬಿಗಿ, ನಿಮ್ಮ ಮೊಮ್ಮಗುವಿನದು ಸಡಿಲ. ಕುತ್ತಿಗೆಯಿಂದ ಕೈಗೆ ಬರುವ ನರಗಳ ಕಟ್ಟಿಗೆ ಹೆರಿಗೆಯಲ್ಲಿ ಎಳೆತ ಬಿದ್ದಿರುವಂತೆ ಕಾಣುತ್ತದೆ. ಬಹಳ ಮಕ್ಕಳಲ್ಲಿ ಇದು ತಾನಾಗಿ ಸುಧಾರಿಸುತ್ತದೆ. ಆದರೆ ಕಾಯೋದಕ್ಕೂ ಒಂದು ಮಿತಿ ಇದೆ. 3 ತಿಂಗಳಾದರೂ ಕೂಸು ಮೊಣಕೈ ಮಡಚಿ ಕೈಯನ್ನು ಬಾಯಿ ಹತ್ತಿರ ತರದಿದ್ದರೆ ನರದ ಆಪರೇಷನ್ ಮಾಡುವ ತಜ್ಞರು ನೋಡಲೇಬೇಕು, ತಡವಾದಷ್ಟೂ ಲಾಭ ಕಡಿಮೆ. ಅಲ್ಲಿ ತನಕ ಆ ಕೈ ಹಿಡಿದು ಎತ್ತಬೇಡಿ, ಬಗಲಿಗೆ ಕೈ ಹಾಕಿಯೂ ಎತ್ತಬೇಡಿ, ಬೆನ್ನು ಕುಂಡಿ ಹಿಡಿದು ಎತ್ತಿ. ಅಂಗಿ ಹಾಕುವಾಗ ಬಲಗೈ ಮೊದಲು, ಬಿಚ್ಚುವಾಗ ಬಲಗೈ ಕೊನೆಗೆ. ಭುಜ, ಮೊಣಕೈಯನ್ನು ಮೆಲ್ಲಗೆ ಆಡಿಸೋದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತುಕೊಳ್ಳಿ. ಇನ್ನೊಂದು ತಿಂಗಳು ನೋಡೋಣ ಅಂತ ಕೂರದೆ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ, ಹೆರಿಗೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಕೂಸಿನ ತೂಕ ಎಷ್ಟಿತ್ತು, ಭುಜದ ಎಲುಬು ಮುರಿದಿತ್ತಾ ಅನ್ನೋದನ್ನು ಅವರು ಮೊದಲು ಕೇಳುತ್ತಾರೆ.